ಮಕ್ಕಳ ಧಾಮದ ಬಾಗಿಲಿಗೆ ಬರುವವರು

(ಬಳ್ಳಾರಿಯಲ್ಲಿ, ಮಕ್ಕಳ ಪಾಲನಾ ಸಂಸ್ಥೆಯೊಂದರ ಸ್ವಯಂಸೇವಕರಾಗಲು ಹೆಸರು ಕೊಟ್ಟ ಪದವಿ ವಿದ್ಯಾರ್ಥಿಗಳು ಮತ್ತು ನಾಗರಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನೀವು ತುಂಬಿಕೊಟ್ಟ ಅರ್ಜಿಗಳನ್ನು ನಾನು ಓದಿದ್ದೇನೆ. ಹೆಚ್ಚಿನವರು ಮಕ್ಕಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುವುದಾಗಿ ಬರೆದಿದ್ದೀರಿ. ಕೆಲವರು ಚಿತ್ರಕಲೆ ಎಂದಿದ್ದೀರಿ, ಕೆಲವರು ಕಬಡ್ಡಿ ಎಂದಿದ್ದೀರಿ. ಇವೆಲ್ಲ ಬೇಕಾದವೇ. ಆದರೆ ನಿಮಗೆ ಬಿಡುವು ಸಿಗುವ ಭಾನುವಾರ, ಹಬ್ಬ, ರಜೆಯ ದಿನಗಳಲ್ಲೇ ಮಕ್ಕಳ ಧಾಮಕ್ಕೆ ಹೊರಗಿನವರೂ ಬರುತ್ತಾರೆ. ಗೃಹಪಾಲಕಿ ಅಡುಗೆಮನೆಯಲ್ಲೋ ಕಚೇರಿಯಲ್ಲೋ ಇರುವಾಗ ಗೇಟಿನ ಬಳಿ ಅವರನ್ನು ಮೊದಲು ಮಾತಾಡಿಸಬೇಕಾದವರು ನೀವೇ ಆಗಿರುತ್ತೀರಿ. ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಕೂರಿಸಿ ಕಾಯಿಸಬೇಕು, ಯಾರ ಕೋರಿಕೆಗೆ ಇಲ್ಲವೆನ್ನಬೇಕು, ಹೇಗೆ ಇಲ್ಲವೆನ್ನಬೇಕು ಎಂಬುದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಪಾಠ ಹೇಳುವುದು ನಿಮಗೆ ತಾನಾಗಿ ಬಂದೀತು. ಬಂದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಮೊದಲೇ ಯೋಚನೆ ಬೇಕು. ಆದ್ದರಿಂದ ಈ ಹೊತ್ತು ಅದೊಂದನ್ನೇ ಮಾತಾಡುತ್ತೇನೆ.

ಬರುವವರ ವಿಚಾರಕ್ಕೆ ಮುಂಚೆ, ಒಳಗಿರುವ ಮಕ್ಕಳು ಯಾರು ಎಂಬುದು ತಿಳಿದಿರಬೇಕು. ಊರಿನವರು ಅನಾಥಾಶ್ರಮವೆಂದೇ ಕರೆಯುವ ಈ ಮನೆಗಳಲ್ಲಿ ನಾನು ಕಂಡ ಮಕ್ಕಳಲ್ಲಿ ಬಹುಪಾಲಿನವರಿಗೆ ತಾಯಿಯೋ ತಂದೆಯೋ ಅಜ್ಜಿಯೋ ಇದ್ದಾರೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಒಣಭೂಮಿಯ ಹಳ್ಳಿಗಳಿಂದ, ತಾಂಡಾಗಳಿಂದ ಜನ ಗುಳೆ ಹೋಗುವುದು ನಿಮಗೆ ಗೊತ್ತಿರುವ ಸಂಗತಿ. ಬೆಂಗಳೂರಿನ ಕಟ್ಟಡಗಳಿಗೆ, ಪುಣೆಯ ಕಡೆಗೆ ಗಂಡ ಹೆಂಡತಿ ಇಬ್ಬರೂ ಹೊರಟಾಗ ಮಗು ಅಜ್ಜಿಯ ಬಳಿ ಉಳಿಯುತ್ತದೆ. ಅಜ್ಜಿ ಹಾಸಿಗೆ ಹಿಡಿದರೆ ಮಗುವನ್ನು ನೋಡಿಕೊಳ್ಳುವವರು ಇರುವುದಿಲ್ಲ. ಬೀಜದ ಹತ್ತಿ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಹೂವಿಗೆ ಕೈಯಿಂದ ಪರಾಗ ಸೇರಿಸುವುದಕ್ಕೆ, ಸಣ್ಣ ಬೆರಳುಗಳೇ ಬೇಕೆಂದು ಮಕ್ಕಳನ್ನು ಶಾಲೆ ಬಿಡಿಸಿ ಕರೆದೊಯ್ದಾಗ ಅಧಿಕಾರಿಗಳು ಬಿಡಿಸಿ ತಂದ ಮಕ್ಕಳಿರುತ್ತಾರೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 1982ರಲ್ಲೇ ಆದರೂ ಆ ಪದ್ಧತಿಯ ಭಾರವನ್ನು ಹೊತ್ತ ತಾಯಂದಿರು ಈ ಮೂರೂ ಜಿಲ್ಲೆಗಳಲ್ಲಿ ಇದ್ದಾರೆ. ಮಗಳಿಗೆ ತನ್ನ ಬದುಕು ಬರಬಾರದೆಂದು ತಾವೇ ಕೈಹಿಡಿದು ಕರೆತಂದು ಬಿಟ್ಟವರಿದ್ದಾರೆ. ಗಂಡ ಸತ್ತು, ಇನ್ನೊಂದು ಮದುವೆಯಾಗಿ, ಹೊಸ ಮನೆಯಲ್ಲಿ ಹಳೆಯ ಮಗುವಿಗೆ ಜಾಗವಿಲ್ಲದೆ ಬಿಟ್ಟವರೂ ಇದ್ದಾರೆ. ಹೀಗೆ ಬಂದ ಮಗುವನ್ನು 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಆ ಸಮಿತಿಯ ಆದೇಶವಿಲ್ಲದೆ ಯಾವ ಮಗುವನ್ನೂ ಸಂಸ್ಥೆಯಲ್ಲಿ ಇರಿಸಿಕೊಳ್ಳುವಂತಿಲ್ಲ, ಯಾರ ಕೈಗೂ ಒಪ್ಪಿಸುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆ ಇನ್ನೊಂದು ಮಾತನ್ನು ತನ್ನ ಮೂಲತತ್ವಗಳಲ್ಲೇ ಹೇಳುತ್ತದೆ: ಮಗುವಿನ ಹೊಣೆ ಮೊದಲು ಕುಟುಂಬದ್ದು, ಸಂಸ್ಥೆಯಲ್ಲಿ ಇರಿಸುವುದು ಬೇರೆ ದಾರಿಯೇ ಇಲ್ಲದಾಗಿನ ಕೊನೆಯ ಕ್ರಮ. ಈ ತತ್ವವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನನ್ನ ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ.

ಈಗ ಬರುವವರ ವಿಚಾರ. ಅತಿ ಹೆಚ್ಚು ಬರುವವರು ದಾನಿಗಳು. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಹಿರಿಯರ ಪುಣ್ಯತಿಥಿ, ಅಂಗಡಿಯ ಉದ್ಘಾಟನೆ, ಇವುಗಳ ನೆಪದಲ್ಲಿ ಒಂದು ಹೊತ್ತಿನ ಊಟ ಹಾಕಿಸುತ್ತಾರೆ. ಅವರ ಮನಸ್ಸನ್ನು ನಾನು ಎಂದೂ ಹಗುರವಾಗಿ ಕಂಡಿಲ್ಲ. ಹಸಿದವರಿಗೆ ಅನ್ನ ಹಾಕುವುದು ಈ ನೆಲದ ರಕ್ತದಲ್ಲೇ ಇದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಬಂಡಿ, ಟ್ರ್ಯಾಕ್ಟರುಗಳಲ್ಲಿ ಜೋಳದ ರೊಟ್ಟಿ ಕಳಿಸುವುದನ್ನು ನೀವು ನೋಡಿರಬಹುದು. ಅಲ್ಲಿ ಪಂಕ್ತಿಯಲ್ಲಿ ಕೂತವನು ಇದು ಯಾರ ಮನೆಯ ರೊಟ್ಟಿ ಎಂದು ಕೇಳುವುದಿಲ್ಲ. ರೊಟ್ಟಿ ಬಡಿದವಳೂ ತನ್ನ ರೊಟ್ಟಿ ಯಾರ ತಟ್ಟೆಗೆ ಬಿತ್ತು ಎಂದು ಹುಡುಕುವುದಿಲ್ಲ. ಕೊಟ್ಟದ್ದು ಕೊಟ್ಟಂತೆ ಸೇರಿಹೋಗುತ್ತದೆ. ದಾಸೋಹದ ಈ ಗುಣವನ್ನು ನಾವು ಮಕ್ಕಳ ಧಾಮದ ಊಟಕ್ಕೂ ತರಬೇಕು ಎಂಬುದು ನನ್ನ ಆಸೆ. ಏಕೆಂದರೆ ಅಲ್ಲಿ ನಡೆಯುತ್ತಿರುವುದು ಇದಕ್ಕೆ ತೀರ ಬೇರೆಯದು.

ಊಟದ ಹೊತ್ತಿಗೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿರುತ್ತಾರೆ. ಅನ್ನ ಬಡಿಸಿ ಆಗಿರುತ್ತದೆ, ಹುಗ್ಗಿಯ ಮೇಲೆ ತುಪ್ಪವೂ ಬಿದ್ದಿರುತ್ತದೆ, ಆದರೆ ಕೈ ಹಾಕುವಂತಿಲ್ಲ, ದಾನಿಯ ಅಳಿಯನೋ ಅಣ್ಣನೋ ಇನ್ನೂ ಕಾರಿನಿಂದ ಇಳಿದಿಲ್ಲ, ಫೋಟೊ ಆಗಿಲ್ಲ. ಮಗುವಿನ ಹೆಬ್ಬೆರಳು ತಟ್ಟೆಯ ಅಂಚಿನಲ್ಲಿ ಬಿಸಿಗೆ ಕೆಂಪಾಗುತ್ತಿರುತ್ತದೆ. ಅದು ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ನಿಂತಿರುತ್ತದೆ. ಬಳಿಕ ಒಬ್ಬ ಮಹನೀಯರು ಬಂದು ತಲೆ ಸವರಿ ‘ನಿಮ್ಮ ಅಪ್ಪ ಏನು ಮಾಡ್ತಿದ್ದ?’ ಎಂದು ಕೇಳುತ್ತಾರೆ. ಕರುಣೆಯಿಂದಲೇ ಕೇಳುತ್ತಾರೆ. ಆದರೆ ಹಿಂದಿನ ಭಾನುವಾರವೂ ಒಬ್ಬರು ಇದನ್ನೇ ಕೇಳಿರುತ್ತಾರೆ, ಮುಂದಿನ ಭಾನುವಾರವೂ ಒಬ್ಬರು ಕೇಳುತ್ತಾರೆ. ಕೆಲವು ಮಕ್ಕಳು ತಮ್ಮ ಮನೆಯ ಸಾವನ್ನು ಮಗ್ಗಿ ಒಪ್ಪಿಸುವ ದನಿಯಲ್ಲಿ ಒಪ್ಪಿಸುವುದನ್ನು ಕೇಳಿದಾಗ ನನಗೆ ಆಗುವ ಸಂಕಟವನ್ನು ನಿಮಗೆ ವಿವರಿಸಿ ಹೇಳಲಾರೆ.

ಇಲ್ಲಿ ನಿಮ್ಮ ಕೆಲಸ ಶುರುವಾಗುವುದು ಗೇಟಿನ ಬಳಿ ಅಲ್ಲ, ಅದಕ್ಕೂ ಮುಂಚೆ ಫೋನಿನಲ್ಲಿ. ದಾನಿ ದಿನ ಕೇಳಲು ಫೋನ್ ಮಾಡಿದಾಗಲೇ ನಾಲ್ಕು ಮಾತು ಹೇಳಿಬಿಡಬೇಕು: ಊಟ ಮಕ್ಕಳ ಊಟದ ವೇಳೆಗೇ ಆಗುತ್ತದೆ, ಯಾರಿಗೂ ಕಾಯುವುದಿಲ್ಲ, ನೀವೂ ಅವರ ಜೊತೆ ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಉಣ್ಣಬೇಕು, ಮನೆಯವರ ವಿಚಾರ ಕೇಳಬಾರದು, ಮಕ್ಕಳ ಮುಖ ಕಾಣುವ ಫೋಟೊ ತೆಗೆಯುವಂತಿಲ್ಲ. ಮೊದಲೇ ಹೇಳಿದರೆ ಬಹುತೇಕರು ಸಂತೋಷದಿಂದ ಒಪ್ಪುತ್ತಾರೆ. ಬಂದು ನಿಂತ ಮೇಲೆ ಹೇಳಿದರೆ ಅವಮಾನವಾಯಿತೆಂದು ತಿಳಿಯುತ್ತಾರೆ. ಕಾನೂನೂ ನಿಮ್ಮ ಬೆನ್ನಿಗಿದೆ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಗುರುತು ಹತ್ತುವಂತೆ ಹೆಸರು, ವಿಳಾಸ, ಶಾಲೆಯ ವಿವರ ಅಥವಾ ಚಿತ್ರವನ್ನು ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಮೀರಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪತ್ರಿಕೆಗೆ ಮಾತ್ರವಲ್ಲ, ಬೇರೆ ಸಂವಹನ ರೂಪಗಳಿಗೂ ಇದು ಅನ್ವಯವೆಂದು ಕಲಮಿನಲ್ಲೇ ಇದೆ. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವವರಿಗೆ ಇದನ್ನು ಮೆಲ್ಲಗೆ ತಿಳಿಸಿ. ಆದರೆ ಕಾನೂನಿನಿಂದ ಮಾತು ಆರಂಭಿಸಬೇಡಿ. ‘ಇವತ್ತು ಈ ಫೋಟೊದಲ್ಲಿ ಇರೋ ಹುಡುಗಿ ನಾಳೆ ನಿಮ್ಮ ಮಗಳ ಕಾಲೇಜಿಗೇ ಸೇರಬಹುದು, ಆಗ ಅವಳ ಪಕ್ಕ ಕೂತವರು ಇದನ್ನ ನೋಡಿದರೆ?’ ಎಂದು ಕೇಳಿ. ಈ ಒಂದು ಪ್ರಶ್ನೆಗೆ ಫೋನನ್ನು ಜೇಬಿಗೆ ಇಡದ ತಂದೆ ತಾಯಿಯನ್ನು ನಾನು ಕಂಡಿಲ್ಲ.

ಏನು ಕೊಡಲಿ ಎಂದು ಕೇಳುವ ದಾನಿ ನಿಮಗೆ ಸಿಕ್ಕ ಭಾಗ್ಯ. ಅವರಿಗೆ ಹೇಳಲು ನಿಮ್ಮ ಬಳಿ ಉತ್ತರ ತಯಾರಿರಲಿ. ಸಿಹಿ ಊಟ ಸಾಲಾಗಿ ಬರುತ್ತದೆ, ಆದರೆ ಕನ್ನಡಕ ಬರುವುದಿಲ್ಲ. ಹಲ್ಲಿನ ಡಾಕ್ಟರ ಫೀಸು, ಒಳಉಡುಪು, ಹುಡುಗಿಯರ ಸ್ಯಾನಿಟರಿ ಪ್ಯಾಡು, ಮಳೆಗಾಲದ ಚಪ್ಪಲಿ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ರಾತ್ರಿ ಓದಲು ಚಾರ್ಜಿಂಗ್ ದೀಪ, ಇವನ್ನು ಯಾರೂ ತಾವಾಗಿ ತರುವುದಿಲ್ಲ. ಜೊತೆಗೆ ಸಾಮಾನಿಗಿಂತ ಕೈಕೆಲಸ ಬಲ್ಲವರ ಸಮಯ ದೊಡ್ಡದು. ನಮ್ಮಲ್ಲಿಗೆ ಕೌಲ್ ಬಜಾರ್ ಕಡೆಯ ಜೀನ್ಸ್ ಹೊಲಿಯುವ ಒಬ್ಬ ದರ್ಜಿ ಬರುತ್ತಾರೆ. ದಾನವಾಗಿ ಬಂದ ಪ್ಯಾಂಟುಗಳು ಎಂದೂ ಯಾರಿಗೂ ಸರಿಹೊಂದುವುದಿಲ್ಲ. ಹುಡುಗರು ಸೊಂಟಕ್ಕೆ ದಾರ ಕಟ್ಟಿಕೊಂಡು ಓಡಾಡುತ್ತಿದ್ದರು. ಈ ಮನುಷ್ಯ ಕೊರಳಿಗೆ ಟೇಪು ಹಾಕಿಕೊಂಡು, ಕಿವಿಗೆ ಬಿಳಿ ಸೀಮೆಸುಣ್ಣದ ಚೂರು ಸಿಕ್ಕಿಸಿಕೊಂಡು, ಒಬ್ಬೊಬ್ಬ ಹುಡುಗನನ್ನೂ ನಿಲ್ಲಿಸಿ ಅಳತೆ ತೆಗೆಯುತ್ತಾರೆ. ಕೊನೆಗೆ ಪ್ರತಿಯೊಬ್ಬನನ್ನೂ ಕೇಳುತ್ತಾರೆ: ‘ಜೇಬು ಎಷ್ಟು ಇಡಲಿ?’ ಎಲ್ಲವೂ ಒಂದೇ ಬಣ್ಣ, ಒಂದೇ ಅಳತೆ, ಒಂದೇ ಗಂಟೆಗೆ ಸಿಗುವ ಮನೆಯಲ್ಲಿ ಬೆಳೆಯುವ ಹುಡುಗನಿಗೆ ಈ ಪ್ರಶ್ನೆ ಎಷ್ಟು ದೊಡ್ಡದು ಎಂಬುದನ್ನು ಅವನ ಮುಖದಲ್ಲೇ ನೋಡಬೇಕು. ಒಬ್ಬ ಬಹಳ ಹೊತ್ತು ಯೋಚಿಸಿ ‘ಒಳಗೊಂದು ಇಡ್ರಿ, ಯಾರಿಗೂ ಕಾಣಬಾರದು’ ಎಂದ. ಅವರು ಇಟ್ಟುಕೊಟ್ಟರು. ಅದರಲ್ಲಿ ಏನಿಟ್ಟುಕೊಂಡ ಎಂದು ನಾವು ಯಾರೂ ಕೇಳಲಿಲ್ಲ, ಕೇಳಲೂಬಾರದು.

ದತ್ತು ಬೇಡಿ ಬರುವವರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮಕ್ಕಳಾಗದ ದಂಪತಿ ಗೇಟಿಗೆ ಬಂದು, ಸಣ್ಣ ಮಗು ಇದ್ದರೆ ಕೊಡಿ, ಚೆನ್ನಾಗಿ ಸಾಕುತ್ತೇವೆ ಎಂದು ಕೇಳುತ್ತಾರೆ. ಅವರನ್ನು ನೆರಳಿನಲ್ಲಿ ಕೂರಿಸಿ, ನೀರು ಕೊಟ್ಟು ಮಾತಾಡಿ. ದತ್ತು ಸಾಗುವುದು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾದ ಜಾಲತಾಣದಲ್ಲಿ ನೋಂದಣಿ ಮಾಡಿಸಿದ ಬಳಿಕವೇ. 2021ರ ತಿದ್ದುಪಡಿಯ ಬಳಿಕ ದತ್ತು ಆದೇಶ ಕೊಡುವವರು ಜಿಲ್ಲಾ ದಂಡಾಧಿಕಾರಿಗಳು. ಸಂಸ್ಥೆ ತಾನಾಗಿ ಮಗುವನ್ನು ಕೊಟ್ಟರೂ ಅಪರಾಧ, ಪಡೆದವರದೂ ಅಪರಾಧ, 3 ವರ್ಷದವರೆಗೆ ಶಿಕ್ಷೆಯಿದೆ. ಇದನ್ನು ತಿಳಿಸಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ದಾರಿ ತೋರಿಸಿ. ಆದರೆ ಅವರನ್ನು ಮಕ್ಕಳಿರುವ ಕೋಣೆಗೆ ಮಾತ್ರ ಕರೆದೊಯ್ಯಬೇಡಿ. ಯಾರೋ ನೋಡಿ ಹೋದರು, ತನ್ನನ್ನು ಆರಿಸಲಿಲ್ಲ ಎಂಬುದು ಮಕ್ಕಳಿಗೆ ಹೇಗೋ ತಿಳಿದುಬಿಡುತ್ತದೆ.

ಇನ್ನು ತಪಾಸಣೆಗೆ ಬರುವ ಅಧಿಕಾರಿಗಳಿದ್ದಾರೆ. ಅವರನ್ನು ಸಂಸ್ಥೆಯ ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಅವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಬೇಕೆಂದರೆ ನೀವು ಅಡ್ಡ ನಿಲ್ಲದೆ ದೂರ ಸರಿಯಿರಿ, ಅಷ್ಟು ಸಾಕು.

ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಕೊನೆಯ ಬಗೆಯವರ ಬಗ್ಗೆ. ಸಂದರ್ಶಕರ ಪುಸ್ತಕದಲ್ಲಿ ಅಭಿಪ್ರಾಯ ಬರೆಯದವರು, ಹೆಬ್ಬೆಟ್ಟು ಒತ್ತಿ ಹೋಗುವವರು, ಎಷ್ಟೋ ಸಲ ಅದನ್ನೂ ಒತ್ತದೆ ಹೋಗುವವರು ಇವರು. ಮಕ್ಕಳ ತಾಯಂದಿರು, ಅಜ್ಜಿಯರು, ಸೋದರಮಾವಂದಿರು.

ಮಕ್ಕಳ ಧಾಮದಲ್ಲಿ ಎರಡು ಪಂಚಾಂಗಗಳು ನಡೆಯುತ್ತವೆ. ದಾನಿಗಳು ಬರುವುದು ಆಗಸ್ಟ್ 15ಕ್ಕೆ, ನವೆಂಬರ್ 14ರ ಮಕ್ಕಳ ದಿನಕ್ಕೆ, ಜನವರಿ 1ಕ್ಕೆ, ತಮ್ಮ ಮನೆಯ ಹುಟ್ಟುಹಬ್ಬಗಳಿಗೆ. ತಾಯಂದಿರು ಬರುವುದು ಯುಗಾದಿಗೆ, ಊರ ಜಾತ್ರೆಗೆ, ಪಂಚಮಿಗೆ, ಮೊಹರಂಗೆ. ಗುಳೆ ಹೋದವರು ಬೇರೆ ಯಾವ ಹಬ್ಬ ತಪ್ಪಿಸಿದರೂ ಮೊಹರಂಗೆ ಊರಿಗೆ ಬಾರದೆ ಇರುವುದು ಕಡಿಮೆ. ಈ ಸೀಮೆಯ ಹಳ್ಳಿಗಳಲ್ಲಿ ಅದು ಜಾತಿ ಮತ ಇಲ್ಲದೆ ಊರೆಲ್ಲರ ಹಬ್ಬ. ಬಂದವರು ಎರಡು ಮೂರು ದಿನವಿದ್ದು ಮತ್ತೆ ಬಸ್ ಹತ್ತುತ್ತಾರೆ, ಆ ನಡುವೆ ಒಂದು ಹೊತ್ತು ಬಿಡುವು ಮಾಡಿಕೊಂಡು ಮಗುವನ್ನು ನೋಡಲು ಬರುತ್ತಾರೆ. ಆದರೆ ಸಂಸ್ಥೆಯ ದಿನಚರಿಯನ್ನು ನಾವು ಹೊಂದಿಸಿರುವುದು ದಾನಿಗಳ ಪಂಚಾಂಗಕ್ಕೆ.

ಒಮ್ಮೆ ಸಿರುಗುಪ್ಪದ ಕಡೆಯ ಒಬ್ಬ ತಾಯಿ ಹೀಗೆ ಬಂದಳು. ಒಳಗೆ ಒಂದು ಕಾರ್ಯಕ್ರಮ ನಡೆಯುತ್ತಿತ್ತು, ಮಕ್ಕಳು ಸಾಲಾಗಿ ನಿಂತು ಸ್ವಾಗತ ಗೀತೆ ಹಾಡುತ್ತಿದ್ದರು. ಗೇಟಿನವರು ಅವಳಿಗೆ, ಮುಗಿಯಲಿ ಕೂತಿರು ಎಂದರು. ಅವಳು ಚಪ್ಪಲಿ ಬಿಡುವ ಜಾಗದಲ್ಲಿ, ಮೆಟ್ಟಿಲ ಮೇಲೆ ಕೂತಳು. ಕಾರ್ಯಕ್ರಮ ಮುಗಿದು ಮಗಳು ಬಂದಾಗ ಮೊದಲು ಅಮ್ಮನ ಹತ್ತಿರವೇ ಹೋಗಲಿಲ್ಲ, ಕಂಬದ ಮರೆಯಲ್ಲಿ ನಿಂತಳು. ಇದನ್ನು ನೋಡಿ ಹೊಸಬರು ಮಗುವಿಗೆ ತಾಯಿಯ ಮೇಲೆ ಪ್ರೀತಿಯಿಲ್ಲ ಎಂದುಕೊಳ್ಳುತ್ತಾರೆ. ಹಾಗಲ್ಲ, ತಿಂಗಳುಗಟ್ಟಲೆ ನೋಡದ ಮುಖಕ್ಕೆ ಹೊಂದಿಕೊಳ್ಳಲು ಮಗುವಿಗೆ ಹೊತ್ತು ಬೇಕು. ತಾಯಿ ಕೈಚೀಲದಿಂದ ಶೇಂಗಾ ಉಂಡಿ ತೆಗೆದಳು, ಆಮೇಲೆ ಹೊಸ ಚಪ್ಪಲಿ ತೆಗೆದಳು. ಅವಳ ನೆನಪಿನಲ್ಲಿದ್ದ ಕಾಲಿನ ಅಳತೆಗೆ ತಂದಿದ್ದಳು; ಮಗಳ ಕಾಲು ಅದನ್ನು ದಾಟಿ ಬೆಳೆದಿತ್ತು. ಹಿಮ್ಮಡಿ ಹೊರಗೇ ಉಳಿಯಿತು. ತಾಯಿ ಏನೂ ಅನ್ನದೆ ಆ ಹಿಮ್ಮಡಿಯನ್ನೇ ಅಂಗೈಯಲ್ಲಿ ಹಿಡಿದುಕೊಂಡು ಕೂತಳು. ‘ಸರಿ ಅದಾವ ಬಿಡವ್ವ’ ಎಂದು ಮಗಳು ಅದನ್ನೇ ಹಾಕಿಕೊಂಡು ಅಂಗಳದಲ್ಲಿ ಎರಡು ಸುತ್ತು ನಡೆದು ತೋರಿಸಿದಳು. ಅಷ್ಟರಲ್ಲಿ ಸಂಜೆಯ ಬಸ್ಸಿನ ಹೊತ್ತಾಗಿತ್ತು.

ಅಂದಿನಿಂದ ನಾವು ಒಂದು ವಹಿ ಇಟ್ಟಿದ್ದೇವೆ. ಹಬ್ಬಕ್ಕೆ ಒಂದು ವಾರ ಮುಂಚೆ ಪ್ರತಿ ಮಗುವಿನ ಪಾದವನ್ನು ಹಾಳೆಯ ಮೇಲೆ ಇರಿಸಿ ಗೆರೆ ಎಳೆದು, ಎತ್ತರ ಅಳೆದು, ಮನೆಯವರಿಗೆ ಫೋನಿನಲ್ಲಿ ತಿಳಿಸುತ್ತೇವೆ. ಯಾವ ತರಗತಿ, ಯಾವ ಹಲ್ಲು ಬಿತ್ತು, ಯಾವ ಊಟ ಹಿಡಿಸುವುದಿಲ್ಲ ಎಂಬುದನ್ನೂ ಹೇಳುತ್ತೇವೆ. ಇದು ಸ್ವಯಂಸೇವಕರು ಮಾಡಬಹುದಾದ ಕೆಲಸ, ಸಿಬ್ಬಂದಿಗೆ ಇದಕ್ಕೆ ಕೈಬಿಡುವು ಇರುವುದಿಲ್ಲ. ತಾಯಿ ಬಂದಾಗ ದಾನಿಗೆ ಹಾಕುವ ಕುರ್ಚಿಯನ್ನೇ ಅವಳಿಗೂ ಹಾಕಿ. ಮಗುವಿನ ಹಾಸಿಗೆ, ಪೆಟ್ಟಿಗೆ, ನೋಟ್‌ಬುಕ್ಕು ತೋರಿಸಿ, ಅದನ್ನು ಮಗುವೇ ತೋರಿಸುವಂತೆ ಮಾಡಿ. ತಾಂಡಾದಿಂದ ಬಂದ ಅಜ್ಜಿಗೆ ಕನ್ನಡ ಬಾರದಿದ್ದರೆ, ಲಂಬಾಣಿ ಮರೆಯುತ್ತಿರುವ ಮೊಮ್ಮಗನಿಗೂ ಆಕೆಗೂ ನಡುವೆ ಕೂರಲು ಆ ಮಾತು ಬಲ್ಲ ಒಬ್ಬರನ್ನು ಕರೆಸಿ. ಮತ್ತು ಅವರು ಆಡಿದ ಮಾತನ್ನು ಬರೆದಿಡಿ: ಈ ವರ್ಷ ಗುಳೆ ಹೋಗುತ್ತಾರೋ ಇಲ್ಲವೋ, ಅಣ್ಣನ ಮನೆಯಲ್ಲಿ ಜಾಗವಿದೆಯೋ, ಊರಲ್ಲಿ ಶಾಲೆ ಎಷ್ಟು ದೂರ. ಮಗುವಿನ ವೈಯಕ್ತಿಕ ಪಾಲನಾ ಯೋಜನೆಯನ್ನು ನೋಡಿ ಅದನ್ನು ಮನೆಗೆ ಮರಳಿಸಬಹುದೇ ಎಂದು ಸಮಿತಿ ಯೋಚಿಸುವಾಗ ನಿಮ್ಮ ಈ ನಾಲ್ಕು ಸಾಲು ಬಹಳ ಕೆಲಸಕ್ಕೆ ಬರುತ್ತವೆ.

ಮರಳಿಸಲು ದಾರಿಗಳೂ ಇವೆ, ತಾಯಂದಿರಿಗೆ ಅವು ಗೊತ್ತಿರುವುದಿಲ್ಲ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ವಿಧವೆ, ಗಂಡ ಬಿಟ್ಟವರು, ದೊಡ್ಡ ಕಾಯಿಲೆಗೆ ಬಿದ್ದವರು ಇಂಥವರ ಮಕ್ಕಳು ಮನೆಯಲ್ಲೇ ಇದ್ದು ಓದಲೆಂದು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವು ಇದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಹೋಗುತ್ತದೆ. ಆಧಾರ್, ಬ್ಯಾಂಕ್ ಖಾತೆ, ಆದಾಯ ಪ್ರಮಾಣಪತ್ರ ಹೊಂದಿಸುವುದರಲ್ಲೇ ಅವರು ಸೋತುಹೋಗುತ್ತಾರೆ. ಒಬ್ಬ ಸ್ವಯಂಸೇವಕ ಒಬ್ಬ ತಾಯಿಯ ಜೊತೆ ತಹಶೀಲ್ದಾರ್ ಕಚೇರಿಗೆ ಹೋಗಿ ನಿಂತರೆ, ನನ್ನ ಲೆಕ್ಕದಲ್ಲಿ ಅದು ಹತ್ತು ಹುಟ್ಟುಹಬ್ಬದ ಊಟಕ್ಕಿಂತ ಹೆಚ್ಚು. ಇನ್ನೂ ಮುಂದೆ ಹೋಗಿ ಹೇಳುತ್ತೇನೆ: ಊಟದ ಖರ್ಚನ್ನು ಮಕ್ಕಳ ಮನೆಯವರ ಬಸ್ ಚಾರ್ಜಿಗೆ ಕೊಡುವಂತೆ ನಾವು ದಾನಿಗಳನ್ನು ಕೇಳಬೇಕು. ಬಸ್ಸಿಗೆ ದುಡ್ಡಿಲ್ಲವೆಂದೇ ಬಾರದೆ ಉಳಿದವರು ಎಷ್ಟೋ ಜನ. ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ 2023ರಿಂದ ಉಚಿತ ಪ್ರಯಾಣ ಸಿಕ್ಕಿದ್ದು ನಮ್ಮ ತಾಯಂದಿರಿಗೆ ದೊಡ್ಡ ಆಸರೆಯೇ ಆಯಿತು, ಆದರೆ ತಂದೆಯೋ ಮಾವನೋ ಬರಬೇಕಾದರೆ, ಪುಣೆಯಿಂದ ಬರಬೇಕಾದರೆ, ಆ ದಿನದ ಕೂಲಿ ಬಿಟ್ಟು ಬರಬೇಕಾದರೆ, ಖರ್ಚು ಖರ್ಚೇ. ಹಣವನ್ನು ನೀವಾಗಿ ಅವರ ಕೈಗೆ ಕೊಡಬೇಡಿ, ಸಂಸ್ಥೆಯ ಲೆಕ್ಕದ ಮೂಲಕವೇ ಹೋಗಲಿ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ನೆಂಟರೆಲ್ಲ ಮಗುವಿನ ಒಳಿತಿಗೇ ಬರುತ್ತಾರೆಂದು ನಂಬಬಾರದು. ಮಗುವಿಗೆ ಹಿಂಸೆ ಕೊಟ್ಟವರೇ ಹಣ್ಣು ಹಿಡಿದು ಬಂದದ್ದುಂಟು. ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪ್ರಕರಣದಲ್ಲಿ ಹೇಳಿಕೆ ಬದಲಿಸಲು ಒತ್ತಾಯಿಸುವ ಬಂಧುಗಳುಂಟು. ‘ಜಾತ್ರಿಗೆ ಕರಕೊಂಡು ಹೋಗಿ ಸೋಮವಾರ ಬಿಡ್ತೀವಿ’ ಎಂದು ಬಂದವರ ಮನೆಯಲ್ಲಿ ಆ ಹುಡುಗಿಗೆ ಚಪ್ಪರ ಹಾಕಿರಬಹುದು. 18 ತುಂಬದ ಹುಡುಗಿಯ ಮದುವೆ ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಮೊದಲಿಂದಲೇ ಅಸಿಂಧು, ಆದರೂ ನಡೆಯುತ್ತಿದೆ. ಆದ್ದರಿಂದ ಯಾರು ಯಾವ ಮಗುವನ್ನು ನೋಡಬಹುದು ಎಂಬ ಪಟ್ಟಿಯನ್ನು ಕಚೇರಿಯಲ್ಲಿ ಕೇಳಿ ತಿಳಿದುಕೊಂಡೇ ಬಾಗಿಲು ತೆರೆಯಿರಿ. ರಜೆಗೆ ಕಳಿಸುವ ನಿರ್ಧಾರ ಸಮಿತಿಯದು, ನಿಮ್ಮದಲ್ಲ. ಬಂದವರ ಮುಂದೆ ಮಗು ತಲೆ ತಗ್ಗಿಸಿ ಉಗುರು ಕಚ್ಚುತ್ತ ಕೂತರೆ, ಅಥವಾ ಅವರು ಹೋದ ಮೇಲೆ ಊಟ ಬಿಟ್ಟರೆ, ಅಂದೇ ಗೃಹಪಾಲಕಿಗೆ ಹೇಳಿ. ಹೊರಗೆಲ್ಲಾದರೂ ಕಷ್ಟದಲ್ಲಿರುವ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ನೀವೂ ಮಕ್ಕಳ ಪಾಲಿಗೆ ಬಂದು ಹೋಗುವವರೇ. ಪರೀಕ್ಷೆ ಬಂತೆಂದು ಹೇಳದೆ ಕೇಳದೆ ನಿಂತುಬಿಟ್ಟರೆ, ಹಾಗೆ ಹೋದವರ ಸಾಲಿನಲ್ಲಿ ನಿಮ್ಮದೂ ಒಂದು ಮುಖ ಸೇರುತ್ತದೆ. ತಿಂಗಳಿಗೆ ಎರಡೇ ದಿನ ಆದರೂ ಸರಿ, ಯಾವ ದಿನ ಎಂದು ಮಕ್ಕಳಿಗೆ ಹೇಳಿ, ಆ ದಿನ ಬನ್ನಿ. ಬಿಡುವುದಾದರೆ ಮುಂಚೆಯೇ ಅವರನ್ನು ಕೂರಿಸಿಕೊಂಡು ಹೇಳಿ ಬಿಡಿ.

ಮೊಹರಂ ಹತ್ತಿರ ಬರುತ್ತಿದೆ. ಆ ವಾರ ಯಾವ ದಾನಿಯ ಕಾರ್ಯಕ್ರಮವನ್ನೂ ಒಪ್ಪಿಕೊಳ್ಳಬೇಡಿ ಎಂದು ಸಂಸ್ಥೆಯವರನ್ನು ಕೇಳಿಕೊಂಡಿದ್ದೆ, ಒಪ್ಪಿದ್ದಾರೆ. ರಾತ್ರಿ ಬಸ್ಸಿಗೆ ಬೆಂಗಳೂರು ಬಿಟ್ಟವರು ಬೆಳಗಾಗುವ ಹೊತ್ತಿಗೇ ಬಳ್ಳಾರಿ ಸ್ಟ್ಯಾಂಡಿನಲ್ಲಿ ಇಳಿದು ನೇರ ಇಲ್ಲಿಗೇ ಬರುತ್ತಾರೆ, ಆದ್ದರಿಂದ ಬೆಳಿಗ್ಗೆ 6ರಿಂದ ಗೇಟಿನಲ್ಲಿ ಇಬ್ಬರು ಬೇಕು. ಒಬ್ಬರಿಗೆ ಲಂಬಾಣಿ, ಇನ್ನೊಬ್ಬರಿಗೆ ತೆಲುಗು ಬರುತ್ತಿದ್ದರೆ ಒಳ್ಳೆಯದು. ಬಂದವರಿಗೆ ಮುಖ ತೊಳೆಯಲು ಬಿಸಿನೀರು, ಒಂದು ತಟ್ಟೆ ಮಂಡಕ್ಕಿ ಒಗ್ಗರಣಿ, ಚಹಾ ಕೊಡಬೇಕು. ಅಡುಗೆಮನೆಗೆ ಇಬ್ಬರು ಸಾಕು. ಪಾದದ ಅಳತೆ ತೆಗೆಯುವ ಕೆಲಸ ಈ ಭಾನುವಾರವೇ ಇದೆ, ಅದಕ್ಕೆ ಐದಾರು ಜನ ಬಂದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಬರುವವರು ಈಗಲೇ ಹೆಸರು ಬರೆಸಿ, ಯಾವ ಭಾಷೆ ಬರುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.